ಬಾವಿಯ ಹುಡುಗಿಗೆ ಗಂಡು ನೋಡದವರು

ಸಿನಿಮಾದ ಎರಡನೆಯ ಭಾಗ ಮೊದಲನೆಯದರಷ್ಟು ಚೆನ್ನಾಗಿಲ್ಲ ಎಂದು ನನ್ನ ಮೊಮ್ಮಕ್ಕಳು ಜಗಳವಾಡುವುದನ್ನು ಕೇಳುವಾಗ ನನಗೆ ನಗು ಬರುತ್ತದೆ. ಇವರೇನು ಜಗಳವಾಡುತ್ತಾರೆ! ನಮ್ಮ ಕಾಪುವಿನಲ್ಲಿ ಒಂದು ಎರಡನೆಯ ಭಾಗವನ್ನು ಹೆಂಗಸರೆಲ್ಲ ಸೇರಿ ಬೈದು ಓಡಿಸಿದ್ದರು. ಸಿನಿಮಾ ಚೆನ್ನಾಗಿಲ್ಲ ಎಂದಲ್ಲ, ಅದರೊಳಗಿನ ಮನೆಯವರಿಗೆ ಮಾನ ಮರ್ಯಾದೆ ಇಲ್ಲ ಎಂದು. ಬೈಗಳನ್ನು ಶುರು ಮಾಡಿದವಳು ನನ್ನ ಅಮ್ಮ.

ಮೊದಲನೆಯ ಭಾಗವನ್ನು ನಾವು ನೋಡಿದ್ದು ಉಡುಪಿಯ ಥಿಯೇಟರಿನಲ್ಲಿ, ಐವತ್ತರ ದಶಕ ಮುಗಿಯುತ್ತಿದ್ದಾಗ. ನಾವು ಎಂದರೆ ನಾನು, ಅಮ್ಮ ಮತ್ತು ಪಕ್ಕದ ಹಿತ್ತಿಲಿನ ಬಾಯಮ್ಮ. ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಹೆಂಗಸರನ್ನು ನಮ್ಮಲ್ಲಿ ಹಾಗೆಯೇ ಕರೆಯುವುದು. ಬಾಯಮ್ಮ ಮಲ್ಲಿಗೆ ಬೆಳೆಯುತ್ತಿದ್ದರು, ಅಮ್ಮನಿಗೆ ಜೀವದ ಗೆಳತಿ. ಇಬ್ಬರೂ ದಿನಕ್ಕೊಮ್ಮೆ ಜಗಳ ಮಾಡದಿದ್ದರೆ ಇಬ್ಬರಿಗೂ ಊಟ ಸೇರುತ್ತಿರಲಿಲ್ಲ.

ಸಿನಿಮಾ ಹಿಂದಿಯದು. ನಮ್ಮ ಮೂವರಿಗೂ ಹಿಂದಿ ಒಂದಕ್ಷರ ಬಾರದು, ಆದರೆ ಅಳುವುದಕ್ಕೂ ಹೆದರುವುದಕ್ಕೂ ಭಾಷೆ ಎಂತಕ್ಕೆ? ಮದುವೆ ನಿಶ್ಚಯವಾದ ಹುಡುಗಿಯೊಬ್ಬಳು ಕಾಲು ಜಾರಿ ಬಾವಿಗೆ ಬೀಳುತ್ತಾಳೆ. ಸತ್ತ ಮೇಲೆ ಒದ್ದೆ ಸೀರೆಯಲ್ಲಿ ಆ ದೊಡ್ಡ ಬಂಗಲೆಯಲ್ಲೆಲ್ಲ ಓಡಾಡುತ್ತಾಳೆ, ಅಷ್ಟೇ ಕಥೆ. ಆದರೆ ಅವಳು ಮೊದಲ ಸಲ ತಿರುಗಿ ನೋಡಿದಾಗ ಇಡೀ ಥಿಯೇಟರು ಕಿರುಚಿತು. ಬಾಯಮ್ಮ ಜಪಸರ ಹಿಡಿದವರು ಬಸ್ಸು ಇಳಿಯುವವರೆಗೆ ಬಿಡಲಿಲ್ಲ. ಆಮೇಲೆ ಎಷ್ಟೋ ದಿನ ದೀಪ ಹಚ್ಚಿದ ಮೇಲೆ ನಮ್ಮ ಬಾವಿಕಟ್ಟೆಗೆ ಹೋಗಲು ನನಗೂ ಅಮ್ಮನಿಗೂ ಧೈರ್ಯವಿರಲಿಲ್ಲ. ನೀನು ಹೋಗು, ನೀನು ಹೋಗು ಎಂದು ಒಬ್ಬರನ್ನೊಬ್ಬರು ದೂಡುತ್ತಿದ್ದೆವು.

ಇಲ್ಲಿ ನಮ್ಮ ಮನೆಯ ವಿಷಯ ಸ್ವಲ್ಪ ಹೇಳಬೇಕು. ನನಗಿಂತ ಮೊದಲು ಅಮ್ಮನಿಗೆ ಇನ್ನೊಬ್ಬಳು ಮಗಳಿದ್ದಳು. ಮೂರು ವರ್ಷದ ಮಗುವಾಗಿದ್ದಾಗ ಜ್ವರ ಬಂದು ತೀರಿಕೊಂಡಳು. ನಾನು ಅವಳನ್ನು ನೋಡಿಯೇ ಇಲ್ಲ. ಆದರೆ ಅಮ್ಮ ಅವಳನ್ನು ಯಾವತ್ತೂ ಮಗು ಎನ್ನುತ್ತಿರಲಿಲ್ಲ, ನಿನ್ನ ಅಕ್ಕ ಎನ್ನುತ್ತಿದ್ದಳು. ತುಳುವರಲ್ಲಿ ನಂಬಿಕೆ ಹಾಗೆ. ನಮಗೆ ಭೂತ ಎಂದರೆ ಕೈಮುಗಿಯುವ ದೈವ. ತೀರಿಹೋದ ಮನೆಯವರು ಕುಲೆಗಳು. ಸತ್ತ ಮಕ್ಕಳು ಆ ಲೋಕದಲ್ಲಿಯೂ ಬೆಳೆಯುತ್ತಾರೆ, ಪ್ರಾಯಕ್ಕೆ ಬರುತ್ತಾರೆ. ಪ್ರಾಯಕ್ಕೆ ಬಂದ ಮೇಲೆ ಅವರಿಗೂ ಮದುವೆ ಮಾಡಿಸಬೇಕು, ಹಾಗೆಯೇ ತೀರಿಹೋದ ಇನ್ನೊಂದು ಮನೆಯ ಗಂಡಿನ ಜೊತೆ. ಇಲ್ಲದಿದ್ದರೆ ತನ್ನದೆಂಬ ಮನೆ ಸಿಗದೆ ಹುಟ್ಟಿದ ಮನೆಯ ಮೂಲೆಯಲ್ಲೇ ಕಾಯುತ್ತಾರೆ.

ಅಕ್ಕನಿಗೆ ಪ್ರಾಯ ಮೀರುತ್ತಿದೆ ಎನ್ನುವುದು ಅಮ್ಮನ ಕೊರಗು. ಅವಳಿಗೊಂದು ಮದುವೆ ಮಾಡಿಸಿಬಿಟ್ಟರೆ ತಾನು ನೆಮ್ಮದಿಯಿಂದ ಕಣ್ಣು ಮುಚ್ಚುತ್ತೇನೆ ಎನ್ನುತ್ತಿದ್ದಳು. ನನಗೆ ಬಂದ ಎರಡು ಸಂಬಂಧಗಳು ತಪ್ಪಿದಾಗ ನಿಮಿತ್ತ ನೋಡುವವರು, ಹಿರಿಯವಳು ಕಾದಿದ್ದಾಳೆ ಎಂದರು. ನನಗೆ ಮೊದಲೇ ಸಿಟ್ಟು ಜಾಸ್ತಿ. ಕಣ್ಣಿಗೆ ಕಾಣದ ಅಕ್ಕನ ಮೇಲೆ ಎಷ್ಟು ಸಿಟ್ಟು ಬಂತೆಂದರೆ, ಕಂಡಿದ್ದರೆ ಜಡೆ ಹಿಡಿದು ಎಳೆಯುತ್ತಿದ್ದೆ.

ಒಪ್ಪದೆ ಕೂತಿದ್ದವರು ಸೋದರಮಾವ, ಅಮ್ಮನ ಅಣ್ಣ. ಅಪ್ಪ ಬೊಂಬಾಯಿಯ ಹೋಟೆಲಿನಲ್ಲಿದ್ದರು, ಮನೆಯ ಯಜಮಾನಿಕೆ ಮಾವನದೇ. ಮಾವನಿಗೆ ಮಣಿಪಾಲದ ಒಂದು ಕಚೇರಿಯಲ್ಲಿ ಕೆಲಸ, ಇಸ್ತ್ರಿ ಹಾಕಿದ ಪ್ಯಾಂಟು, ದಿನಾ ಪೇಪರು. ಅಮ್ಮ ಅಕ್ಕನ ಮಾತೆತ್ತಿದರೆ ಸಾಕು, ಕಾಲ ಎಲ್ಲಿಗೆ ಹೋಯಿತು, ನೀವು ಎಲ್ಲಿದ್ದೀರಿ, ಮೂರು ವರ್ಷದ ಮಗುವಿಗೆ ಮದುವೆಯಾ ಎಂದು ಪೇಪರಿನ ಹಿಂದೆ ಮುಖ ಮುಚ್ಚಿಕೊಳ್ಳುತ್ತಿದ್ದರು. ಅಮ್ಮ ಮತ್ತೆ ಒಂದು ವಾರ ಅವರ ಚಹಾಕ್ಕೆ ಸಕ್ಕರೆ ಕಡಿಮೆ ಹಾಕುತ್ತಿದ್ದಳು. ಅದಕ್ಕಿಂತ ಹೆಚ್ಚಿನ ಯುದ್ಧ ಅವಳಿಗೆ ಗೊತ್ತಿರಲಿಲ್ಲ.

ಹೀಗಿರುವಾಗ ಕಾಪುವಿಗೆ ಟೂರಿಂಗ್ ಟಾಕೀಸು ಬಂತು. ಕೊಯ್ಲು ಮುಗಿದ ಗದ್ದೆಯಲ್ಲಿ ಡೇರೆ ಹಾಕಿ ಒಂದೊಂದೇ ಸಿನಿಮಾ ತೋರಿಸುತ್ತಿದ್ದರು. ಒಂದು ದಿನ ಜಟಕಾದಲ್ಲಿ ಮೈಕು ಕಟ್ಟಿಕೊಂಡು ಸಾರಿದರು: ಬಾವಿಯ ಹುಡುಗಿ ತಿರುಗಿ ಬಂದಿದ್ದಾಳೆ, ಎರಡನೆಯ ಭಾಗ, ಹೃದಯದ ಕಾಯಿಲೆ ಇರುವವರು ಬರಬಾರದು. ಅಮ್ಮ ಮೊದಲು ಹೊರಟಳು. ಅದು ಶನಿವಾರ, ಮಾವನೂ ಮನೆಯಲ್ಲಿದ್ದರು. ಅದೆಲ್ಲ ಕ್ಯಾಮೆರಾದ ಆಟ, ಹೇಗೆ ಮಾಡುತ್ತಾರೆಂದು ನಾನು ಹೇಳಿಕೊಡುತ್ತೇನೆ ಎಂದು ತಾವೂ ಬಂದರು. ಗಂಡಸರು ಬೆಂಚು ಕುರ್ಚಿಗಳಲ್ಲಿ, ನಾವು ಹೆಂಗಸರು ಒಂದು ಬದಿಯಲ್ಲಿ ನೆಲದ ಮೇಲೆ ಚಾಪೆ ಹಾಸಿಕೊಂಡು. ಮಾವ ನಮ್ಮ ಹಿಂದೆಯೇ ಕುರ್ಚಿಯಲ್ಲಿ ಕೂತರು.

ಈ ಸಲದ ಕಥೆಯಲ್ಲಿ ಅದೇ ಬಂಗಲೆ, ಅದೇ ಮನೆಯವರು, ಆದರೆ ಈಗ ಬಾವಿಯ ಹುಡುಗಿಯ ತಂಗಿ ದೊಡ್ಡವಳಾಗಿದ್ದಾಳೆ. ತಂಗಿಯನ್ನು ನೋಡಲು ಗಂಡಿನ ಕಡೆಯವರು ಬಂದಾಗಲೆಲ್ಲ ಅಕ್ಕ ಕಿಟಕಿಯಲ್ಲಿ ಬಂದು ನಿಲ್ಲುತ್ತಾಳೆ. ಬಂದವರು ಎದ್ದು ಓಡುತ್ತಾರೆ. ಗಂಡಸರ ಬದಿಯಲ್ಲಿ ಶಿಳ್ಳೆ, ಕೂಗು. ನಮ್ಮ ಬದಿಯಲ್ಲಿ ಸದ್ದೇ ಇಲ್ಲ. ನಾನು ಹೆದರಲು ತಯಾರಾಗಿ ಬಾಯಮ್ಮನ ಕೈ ಹಿಡಿದುಕೊಂಡಿದ್ದೆ, ಅವರ ಕೈ ತಣ್ಣಗೇನೂ ಇರಲಿಲ್ಲ. ಮುಂದಿನ ಚಾಪೆಯಿಂದ ಯಾರೋ ಹೆಂಗಸು, ಅಯ್ಯೋ ಪಾಪ, ಹುಡುಗಿ ಬಡಕಲಾಗಿದ್ದಾಳೆ ಎಂದಳು.

ಆಮೇಲೆ ಮನೆಯವರು ಮಂತ್ರವಾದಿಯನ್ನು ಕರೆಸಿದರು. ಗಡ್ಡದ ಮನುಷ್ಯ, ಕೈಯಲ್ಲಿ ಒಂದು ಸೀಸೆ. ಹುಡುಗಿಯನ್ನು ಅದರೊಳಗೆ ತುಂಬಿಸಿ ಬಿರಡೆ ಹಾಕುವುದು ಅವನ ಉಪಾಯ. ಹುಡುಗಿ ಮನೆಯವರ ಮುಂದೆ ನಿಂತು ಕೈಮುಗಿದು ಅಳುತ್ತಾಳೆ, ಅವರು ಮುಖ ತಿರುಗಿಸುತ್ತಾರೆ. ಆಗ ಅಮ್ಮ ಎದ್ದು ನಿಂತಳು. ಬಾಯಮ್ಮನ ಹೊರತು ಯಾರ ಎದುರೂ ಸ್ವರ ಎತ್ತದ ನನ್ನ ಅಮ್ಮ ಪರದೆಯ ಕಡೆ ಕೈ ನೀಡಿ ತುಳುವಿನಲ್ಲಿ ಕೇಳಿದಳು:

“ಆ ಮನೆಯಲ್ಲಿ ಯಜಮಾನ ಅಂತ ಒಬ್ಬ ಉಂಟಾ ಇಲ್ಲವಾ? ಸೀಸೆ ತರಲಿಕ್ಕೆ ಆಗ್ತದೆ, ಅವಳಿಗೊಂದು ಗಂಡು ನೋಡಲಿಕ್ಕೆ ಎಂತ ಕಷ್ಟ ನಿಮಗೆ?”

ಇಡೀ ಹೆಂಗಸರ ಬದಿ ಎದ್ದಿತು. ಹೌದು, ಅವಳು ಕೇಳುವುದು ಅದನ್ನೇ ಅಲ್ವಾ ಎಂದು ಒಬ್ಬಳು. ದೊಡ್ಡವಳನ್ನು ಕೂರಿಸಿ ಸಣ್ಣವಳಿಗೆ ಸಂಬಂಧ ನೋಡುತ್ತಾರೆ, ನಾಚಿಕೆ ಇಲ್ಲದವರು ಎಂದು ಇನ್ನೊಬ್ಬಳು. ಬಾಯಮ್ಮನದು ಬೇರೆ ಅಭಿಪ್ರಾಯ: ಇಗರ್ಜಿಯಲ್ಲಿ ಪಾದ್ರಿಗಳಿಂದ ಒಂದು ಪೂಜೆ ಹೇಳಿಸಿದ್ದರೆ ಮಗುವಿಗೆ ಶಾಂತಿ ಸಿಗುತ್ತಿತ್ತು, ಮದುವೆ ಎಂತಕ್ಕೆ. ಅಲ್ಲಿಯೇ ಅಮ್ಮನಿಗೂ ಅವರಿಗೂ ಸಣ್ಣ ವಾದವಾಯಿತು. ಆದರೆ ಸೀಸೆ ತಪ್ಪು ಎನ್ನುವುದರಲ್ಲಿ ಇಬ್ಬರೂ ಒಂದೇ. ಚಾಪೆ ಮಡಚಿ ಹೆಂಗಸರೆಲ್ಲ ಹೊರಗೆ ನಡೆದರು. ಡೇರೆಯ ಮ್ಯಾನೇಜರು ಘಟ್ಟದ ಮೇಲಿನವನು. ಹೆದರಿ ಓಡುವವರನ್ನು ಅವನು ನೋಡಿದ್ದನೇ ಹೊರತು ದೆವ್ವದ ಪರವಾಗಿ ಓಡುವವರನ್ನು ನೋಡಿರಲಿಲ್ಲ. ಇನ್ನೂ ಮುಗಿದಿಲ್ಲಮ್ಮಾ, ಕೂತುಕೊಳ್ಳಿ ಎಂದು ಪಾಪ ಬೇಡುತ್ತಿದ್ದ.

ಮನೆಗೆ ನಡೆಯುವಾಗ ಮಾವ ಟಾರ್ಚು ಹಿಡಿದು ಮುಂದೆ ಹೋಗುತ್ತಿದ್ದರು. ಕ್ಯಾಮೆರಾದ ಆಟದ ಬಗ್ಗೆ ಒಂದು ಮಾತೂ ಇಲ್ಲ. ಅಮ್ಮ ಯಾರನ್ನು ಬೈದದ್ದೆಂದು ಅವರಿಗೆ ತಿಳಿಯದೆ ಇದ್ದೀತೆ? ನಮ್ಮ ಅಂಗಳ ಮುಟ್ಟಿದಾಗ ಟಾರ್ಚು ಆರಿಸಿ ನಿಂತರು.

“ಉಡುಪಿ ಆಸ್ಪತ್ರೆಗೆ ಅವಳನ್ನು ಹೆಗಲಿನಲ್ಲಿ ಹೊತ್ತುಕೊಂಡು ಹೋದವ ನಾನು. ವಾಪಾಸು ತಂದವನೂ ನಾನೇ. ಮತ್ತೆ ಮತ್ತೆ ಆ ಮಾತು ಎತ್ತಿದರೆ ನನಗೆ ಆಗುವುದಿಲ್ಲ ಮಾರಾಯ್ತಿ, ಅದಕ್ಕೆ ಬೇಡ ಅಂದದ್ದು.”

ಮಾವನ ಚಹಾಕ್ಕೆ ಮರುದಿನ ಸಕ್ಕರೆ ಬಿತ್ತು. ಚಹಾ ಕುಡಿಯುತ್ತಾ ಮಾವ, ಗಂಡು ಎಂಥದ್ದು ಬೇಕು ಎಂದು ಕೇಳಿದರು.

ಎಂಥದ್ದು ಬೇಕು! ಅಮ್ಮನ ಹಟ ನಾನು ಕಂಡದ್ದು ಆಗಲೇ. ನನಗೆ ಸಂಬಂಧ ನೋಡುವಾಗ ಇಷ್ಟು ಚೌಕಾಶಿ ಇರಲಿಲ್ಲ. ಜಾತಿ ಒಂದಾಗಬೇಕು, ಬಳಿ, ಎಂದರೆ ನಮ್ಮವರ ಗೋತ್ರ, ಬೇರೆ ಇರಬೇಕು, ಅದು ಸರಿ. ಅಲೆವೂರಿನಲ್ಲಿ ಒಬ್ಬನಿದ್ದ, ಕುಡಿದು ಹೊಳೆಗೆ ಬಿದ್ದವನಂತೆ, ಬೇಡ, ಅಲ್ಲಿಯೂ ಬುದ್ಧಿ ಬಂದಿರಲಿಕ್ಕಿಲ್ಲ ಎಂದಳು. ಅಂಬಲಪಾಡಿಯ ಗಂಡಿಗೆ ಪ್ರಾಯ ಜಾಸ್ತಿಯಾಯಿತು. ಇನ್ನೊಬ್ಬನ ತಾಯಿಯ ಬಾಯಿ ಜೋರು, ಸೊಸೆಯನ್ನು ಅಳಿಸುತ್ತಾಳೆ ಎಂದು ಬಿಟ್ಟಳು. ಪ್ಯಾಂಟು ಹಾಕಿಕೊಂಡ ಮಾವ ಪ್ರತಿ ಭಾನುವಾರ ಸತ್ತವರ ಮನೆಗಳಿಗೆ ಗಂಡು ಕೇಳಲು ಹೋಗುವುದನ್ನು ನೋಡಿ ನಾನು ಅಡುಗೆಮನೆಯಲ್ಲಿ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದೆ.

ಅಷ್ಟರಲ್ಲಿ ಡೇರೆ ಕಾಪುವಿನಿಂದ ಎದ್ದಿತ್ತು. ಎರಡನೆಯ ಭಾಗಕ್ಕೆ ಹೆಂಗಸರು ದಿನಾ ಬರುತ್ತಿದ್ದರು, ಆದರೆ ಸೀಸೆ ಕಂಡ ಕೂಡಲೇ ಬೈದು ಹೊರಡುತ್ತಿದ್ದರು. ಇವರ ಗಲಾಟೆಯಲ್ಲಿ ಹೆದರಿಕೆಯೇ ಆಗುವುದಿಲ್ಲ ಎಂದು ಗಂಡಸರು ಬರುವುದನ್ನು ಬಿಟ್ಟರು. ಮ್ಯಾನೇಜರು ಬೇಸತ್ತು ರೀಲಿನ ಡಬ್ಬಿಗಳನ್ನು ಕಾರ್ಕಳಕ್ಕೆ ಸಾಗಿಸಿದ. ಕಾರ್ಕಳದಲ್ಲೂ ಅದೇ ಕಥೆ. ಅಲ್ಲಿ ಒಬ್ಬ ಹೆಂಗಸು ಎದ್ದು ನಿಂತು, ಅವಳನ್ನು ನಮಗೆ ಕೊಡಿ, ನಮ್ಮ ಹುಡುಗನೂ ಕಾದಿದ್ದಾನೆ ಎಂದಳಂತೆ. ಇದು ಕಾರ್ಕಳದಿಂದ ಬಸ್ಸಿನಲ್ಲಿ ಬರುವ ಜೊತೆಗಾರನೊಬ್ಬನ ಬಾಯಿಯಿಂದ ಮಾವನ ಕಚೇರಿಗೆ ತಲುಪಿತು. ಅವನು ನಗಲಿಕ್ಕೆಂದು ಹೇಳಿದ್ದು. ಮಾವ ನಗದೆ ವಿಳಾಸ ಕೇಳಿದರು.

ನಾನು, ಅಮ್ಮ, ಮಾವ ಮೂವರೂ ಕಾರ್ಕಳಕ್ಕೆ ಹೋದೆವು. ಆಕೆಯ ಹುಡುಗ ಒಂದನೇ ಕ್ಲಾಸಿಗೆ ಹೋಗುತ್ತಿದ್ದಾಗ ತೀರಿಕೊಂಡವನು. ಇದ್ದಿದ್ದರೆ ಅಕ್ಕನಿಗಿಂತ ಎರಡು ವರ್ಷ ದೊಡ್ಡವನು. ಅಮ್ಮ ಮನೆಯನ್ನೆಲ್ಲ ನೋಡಿದಳು, ಬಾವಿಯ ನೀರು ಕುಡಿದು ಸಿಹಿ ಉಂಟು ಎಂದಳು. ಹುಡುಗ ಹೇಗೆ ಎಂದು ಕೇಳಿದಳು. ಶಾಂತ ಸ್ವಭಾವ, ಲೆಕ್ಕದಲ್ಲಿ ಚುರುಕು ಎಂದು ಆಕೆ ಹೇಳಿದರು. ಅಮ್ಮ ನನ್ನ ಕಡೆ ತಿರುಗಿ ತಲೆ ಆಡಿಸಿದಳು. ಆ ಕ್ಷಣದಲ್ಲಿ ನನಗೆ ಅಕ್ಕನ ಮೇಲಿದ್ದ ಸಿಟ್ಟೆಲ್ಲ ಇಳಿದುಹೋಯಿತು, ಒಳ್ಳೆಯ ಮನೆ ಸಿಕ್ಕಿತಲ್ಲ ಇವಳಿಗೆ ಎಂದು ಸಂತೋಷವಾಯಿತು.

ಕುಲೆಗಳ ಕಾರ್ಯಕ್ಕೆಂದೇ ಇರುವ ಆಷಾಢದ ಹೊತ್ತಿನ ಆಟಿ ತಿಂಗಳಲ್ಲಿ, ಮಳೆ ಬಿಟ್ಟ ಒಂದು ಸಂಜೆ, ನಮ್ಮ ಚಾವಡಿಯಲ್ಲಿ ಮದುವೆಯಾಯಿತು. ಎರಡು ಮಣೆ ಇಟ್ಟು ಒಂದರ ಮೇಲೆ ಹಸಿರು ಸೀರೆ, ಬಳೆ, ಕುಂಕುಮ. ಇನ್ನೊಂದರ ಮೇಲೆ ಧೋತಿ, ಶಾಲು, ಮುಂಡಾಸು. ಬಾಯಮ್ಮ ಬೆಳಿಗ್ಗೆಯೇ ಮಲ್ಲಿಗೆಯ ಚೆಂಡು ತಂದು, ಪೂಜೆಯನ್ನೂ ಹೇಳಿಸಿದ್ದೇನೆ, ಇರಲಿ ಎಂದರು. ಮಾವ ಸೋದರಮಾವನ ಜಾಗದಲ್ಲಿ ನಿಂತು ಧಾರೆ ಎರೆದುಕೊಟ್ಟರು. ಬಂದವರೆಲ್ಲ ಊಟ ಮಾಡಿದರು, ಹೋಳಿಗೆ ಚೆನ್ನಾಗಿತ್ತು ಎಂದರು.

ಮದುಮಗಳನ್ನು ಕಳುಹಿಸುವ ಹೊತ್ತಾಯಿತು. ಸೀರೆ, ಬಳೆ, ಹೂವನ್ನೆಲ್ಲ ಒಂದು ಬುಟ್ಟಿಯಲ್ಲಿಟ್ಟು ಅಮ್ಮ ಕಾರ್ಕಳದ ಆಕೆಯ ಕೈಗೆ ಕೊಟ್ಟಳು. ಕೊಟ್ಟವಳು ಬುಟ್ಟಿ ಬಿಡಲಿಲ್ಲ. ಇಷ್ಟು ವರ್ಷ ಮಗಳು ದೊಡ್ಡವಳಾದಳು, ಪ್ರಾಯ ಮೀರಿತು ಎಂದು ಎಲ್ಲರ ಹತ್ತಿರ ಹೇಳುತ್ತಿದ್ದ ನನ್ನ ಅಮ್ಮ, ಬೀಗಿತ್ತಿಯ ಕಿವಿಯ ಹತ್ತಿರ ಬಾಗಿ ಹೇಳಿದಳು:

“ಅವಳಿಗೆ ಖಾರ ಆಗುವುದಿಲ್ಲ. ಗಂಜಿಗೆ ಸ್ವಲ್ಪ ಬೆಲ್ಲ ಹಾಕಿದರೆ ಉಣ್ಣುತ್ತಾಳೆ.”

ಆಕೆ ಒಂದು ಕೈಯಲ್ಲಿ ಬುಟ್ಟಿ ಹಿಡಿದು ಇನ್ನೊಂದು ಕೈಯಿಂದ ಅಮ್ಮನ ಕೈಯನ್ನು ಮೆಲ್ಲ ಬಿಡಿಸಿಕೊಂಡರು.

“ಹಾಕುತ್ತೇನೆ,” ಎಂದರು. “ಇಬ್ಬರಿಗೂ ಹಾಕುತ್ತೇನೆ.”