ವಾಡೆಯ ಹಿಂದೆ ಕಲಿತ ಪ್ರಾಣಾಯಾಮ

ನಾನು ಯೋಗ ಕಲಿತದ್ದು ಹೊಟ್ಟೆಕಿಚ್ಚಿನಿಂದ. ಹತ್ತಾರು ವರ್ಷ ಹೆಂಗಸರಿಗೆ ಹೇಳಿಕೊಡುವಾಗ ಇದನ್ನು ಬಾಯಿ ಬಿಟ್ಟು ಹೇಳಿರಲಿಲ್ಲ. ಈಗ ಹೇಳಿದರೆ ಯಾರೇನು ಮಾಡಿಯಾರು.

ಮೂವತ್ತರ ದಶಕ. ಮದ್ದೂರಿನಲ್ಲಿ ನಮ್ಮ ಮನೆ. ನನಗೆ ಎಂಟು ವರ್ಷ, ಅಣ್ಣನಿಗೆ ಹನ್ನೊಂದು. ಅವನಿಗೆ ಉಬ್ಬಸ. ಮೈಸೂರಿನಲ್ಲಿ ಯೋಗ ಕಲಿತಿದ್ದ ಸ್ಕೂಲ್ ಮೇಷ್ಟ್ರೊಬ್ಬರು ದಿನಾ ಬೆಳಗ್ಗೆ ಬಂದು ನಡುಮನೆಯಲ್ಲಿ ಅವನಿಗೆ ಪ್ರಾಣಾಯಾಮ ಕಲಿಸುತ್ತಿದ್ದರು. ಪಾಠ ಮುಗಿದರೆ ಅವನಿಗೆ ತುಪ್ಪ ಹಾಕಿದ ಬಿಸಿ ಹಾಲು, ನನಗೆ ಕೊಟ್ಟಿಗೆಯ ಸಗಣಿ. ನನಗೂ ಉಬ್ಬಸ ಬರಲಿ ಎಂದು ಎರಡು ದಿನ ಕೆಮ್ಮಿ ನೋಡಿದೆ. ಅವ್ವ ಮೆಣಸಿನ ಕಷಾಯ ಕುಡಿಸಿದಳು.

ನನ್ನನ್ನೂ ಕೂರಿಸಿ ಎಂದು ಕೇಳಿದರೆ ಅವ್ವ ಬೈಯುತ್ತಿದ್ದಳು. ಅದಕ್ಕೇ ರಾಗಿ ತುಂಬಿಡುವ ಮಣ್ಣಿನ ವಾಡೆಯ ಹಿಂದೆ ಅಡಗಿ, ಮೇಷ್ಟ್ರ ಮುಖಕ್ಕೆ ಎದುರಾಗಿ ಕೂತು ನೋಡಿದೆ. ನೋಡಿದ್ದನ್ನೆಲ್ಲ ಕೊಟ್ಟಿಗೆಯಲ್ಲಿ ಮಾಡಿದೆ. ಮೂರು ತಿಂಗಳು ಹೀಗೇ ನಡೆಯಿತು.

ಒಂದು ಬೆಳಗ್ಗೆ ಅವ್ವ ಹಾಲು ಕರೆಯಲು ಬಂದವಳು ನನ್ನ ಬೆನ್ನಿಗೆ ಗುದ್ದಿದಳು.

"ಥೂ, ಎಡಗೈಲಿ ಮೂಗ್ ಇಡ್ಕೊಂಡು ಕೂತಿದ್ದೀಯಲ್ಲಮ್ಮಿ, ಒತ್ತಾರೇಲೇ!"

ಗಲಾಟೆಗೆ ಮೇಷ್ಟ್ರು, ಅಣ್ಣ ಇಬ್ಬರೂ ಬಂದರು. ಇನ್ನೊಂದು ಸಲ ಮಾಡು ಎಂದರು ಮೇಷ್ಟ್ರು. ಅಳುತ್ತಲೇ ಮಾಡಿದೆ. ಅವರು ನಗತೊಡಗಿದರು.

"ಇವ್ಳು ನನ್ನೆದ್ರಿಗೆ ಕೂತು ನೋಡವ್ಳೆ ಕಣವ್ವ. ನನ್ ಬಲಗೈ ಇವ್ಳಿಗೆ ಎಡಗಡೆ ಕಂಡದೆ. ಕೈ ಒಂದು ಬುಟ್ರೆ ಎಲ್ಲಾ ಸರ್ಯಾಗದೆ."

"ಕದ್ದು ಕಲ್ತವ್ಳೆ ಮೇಷ್ಟ್ರೇ," ಎಂದ ಅಣ್ಣ.

"ಕದ್ದಾದ್ರೂ ಕಲ್ತವ್ಳಲ್ಲೋ. ನಿಂಗೆ ಕರ್ದು ಕೂರ್ಸುದ್ರೂ ಬರ್ನಿಲ್ಲ. ನಾಳಿಂದ ಇವ್ಳೂ ಬರ್ಲಿ."

"ಎಣ್ಣೈಕ್ಳಿಗೆ ಇದೆಲ್ಲ ಯಾಕೆ ಮೇಷ್ಟ್ರೇ? ಮದ್ವೆಯಾಗಿ ಓದ್ ಮನೇಲಿ ಏನಂದಾರು?" ಎಂದಳು ಅವ್ವ.

"ಓದ್ ಮನೇಲಿ ಉಸ್ರಾಡ್ಬ್ಯಾಡ ಅಂದಾರಾ, ತಾಯಿ?"

ಅವ್ವ ನಗು ತಡೆಯಲು ಸೆರಗು ಬಾಯಿಗಿಟ್ಟುಕೊಂಡಳು. ಅಲ್ಲಿಗೆ ಒಪ್ಪಿದಂತಾಯಿತು.

ಮರುದಿನ ಅಣ್ಣನ ಪಕ್ಕದಲ್ಲೇ ಕೂತೆ. ಗೆದ್ದೆನೆಂದು ಬೀಗಿದ್ದೂ ನಿಜ. ಕಣ್ಣು ಮುಚ್ಚಿ ಎಂದರು. ನಾನು ಒಂದೇ ಕಣ್ಣು ಮುಚ್ಚಿದೆ. ಅಣ್ಣನ ಉಸಿರು ನನ್ನದಕ್ಕಿಂತ ಉದ್ದವಿತ್ತು, ಹಿಂದಿನ ಗೊರಗೊರ ಇರಲಿಲ್ಲ. ಸಂತೋಷಪಡಬೇಕಿತ್ತು, ನನಗೆ ಹೊಟ್ಟೆ ಉರಿಯಿತು. ಅವನಿಗಿಂತ ಹೆಚ್ಚು ಹೊತ್ತು ಹಿಡಿಯಲು ಹೋಗಿ ಮುಖ ಕೆಂಪಾಗಿ ಕೆಮ್ಮಿಬಿಟ್ಟೆ.

"ಪಕ್ದವ್ನ ಉಸ್ರು ಅಳೀಬ್ಯಾಡ ಕಣಮ್ಮಿ. ನಿಂದು ನೋಡ್ಕೊ," ಎಂದರು ಮೇಷ್ಟ್ರು.

ನನ್ನ ಹತ್ತಿರ ಕಲಿಯಲು ಬಂದವರಿಗೆಲ್ಲ ಮೊದಲ ದಿನ ಈ ಮಾತನ್ನೇ ಹೇಳಿದ್ದೇನೆ. ಅವರ ಎದುರಿಗೆ ಕೂರದೆ, ಅವರಿಗೆ ಬೆನ್ನು ಮಾಡಿ ಕೂತು ತೋರಿಸಿದ್ದೇನೆ. ನಾನು ಮಾತ್ರ ಅಣ್ಣನ ಉಸಿರನ್ನು ಅಳೆಯುವುದು ಬಿಡಲಿಲ್ಲ. ಒಂದು ವರ್ಷಕ್ಕೆ ನನ್ನದೇ ಉದ್ದವಾಯಿತು. ಆವತ್ತೇ ಅವನಿಗೆ ಹೇಳಿದೆ. ಒಂದು ವಾರ ನನ್ನ ಜೊತೆ ಮಾತು ಬಿಟ್ಟ.