ನೀರಿನ ಪೈಪು ಬಿಟ್ಟು ಸ್ಟೇರಿಂಗ್ ಹಿಡಿದ ಅನುಸೂಯಾ

ಸಂಡೂರಿನ ಗುಡ್ಡಗಳ ಮೇಲೆ ಬೆಳಕು ಮೂಡುವ ಹೊತ್ತು. ಅದಿರು ಗಣಿಯೊಂದರ ಅಂಗಳದಲ್ಲಿ ಅನುಸೂಯಾ ಡಂಪರಿಗೆ ಒಂದು ಸುತ್ತು ಬರುತ್ತಾರೆ. ಟೈರು ಒದ್ದು, ಆಯಿಲ್ ನೋಡಿ, ಏಣಿ ಹತ್ತಿ ಕ್ಯಾಬಿನ್ ಸೇರುತ್ತಾರೆ. ಕೆಂಪು ಧೂಳೆಬ್ಬಿಸಿ ಗಾಡಿ ಹೊರಡುತ್ತದೆ. ಕೆಳಗೆ ನಿಂತವರು ಇನ್ನೂ ಕತ್ತೆತ್ತಿ ನೋಡುತ್ತಾರೆ. "ನೋಡ್ಲಿ ಬಿಡ್ರಿ, ಕುತ್ತಿಗಿ ನೋಯೋದು ಅವ್ರದ," ಎನ್ನುತ್ತಾರೆ ಅನುಸೂಯಾ.

ಕುರೆಕುಪ್ಪದ ಕೂಲಿ ಮನೆಯ ಈ ಮಗಳು ಭಾರಿ ವಾಹನದ ಲೈಸೆನ್ಸ್ ಪಡೆದು, ಗಣಿಯವರ ಪರೀಕ್ಷೆಯಲ್ಲಿ ಪಾಸಾಗಿ, ಡಂಪರ್ ಆಪರೇಟರ್ ಎಂದೇ ಕೆಲಸಕ್ಕೆ ಸೇರಿದವರು. ಕೈಗೆ ಸಿಕ್ಕಿದ್ದು ಮಾತ್ರ ನೀರಿನ ಪೈಪು. ಅವರು ಗಾಡಿ ತೊಳೆಯುತ್ತಲೇ ಇದ್ದರು. ಅವರ ನಂತರ ಬಂದ ಗಂಡಸರು ಒಬ್ಬೊಬ್ಬರಾಗಿ ಕ್ಯಾಬಿನ್ ಹತ್ತಿದರು. ಕೇಳಿದಾಗಲೆಲ್ಲ ಮೇಲ್ವಿಚಾರಕ ಶಂಭುಲಿಂಗ ಅವರದು ಒಂದೇ ಮಾತು: "ಮುಂದಿನ ತಿಂಗಳು ನೋಡೂಣವ್ವ."

ಬೇಸತ್ತ ಅನುಸೂಯಾ ಕಂಪನಿಯ ದೂರು ಸಮಿತಿಗೆ ಹೋದರು. ಅಲ್ಲಿಂದ ಬೇರೆಯದೇ ಗೋಳು. ಹೆಂಗಸೆಂದೇ ಗಾಡಿ ಕೊಡಲಿಲ್ಲ ಎನ್ನುವುದಕ್ಕೆ ಪುರಾವೆ ಏನು, ಯಾರಾದರೂ ಬಾಯಿಬಿಟ್ಟು ಹೇಳಿದ್ದಾರಾ ಎಂದು ಅವರನ್ನೇ ಕೇಳಿದರು.

"ಬಾಯಿಬಿಟ್ಟು ಯಾರ ಹೇಳ್ತಾರ್ರಿ? ಕೈಯಾಗ ಪೈಪ್ ಕೊಟ್ಟು ಸುಮ್ಕ ಇರ್ತಾರ," ಎಂದು ಅನುಸೂಯಾ ಈಗಲೂ ಸಿಡುಕುತ್ತಾರೆ.

ಸಾಕ್ಷಿ ಹೇಳುತ್ತೇನೆಂದಿದ್ದ ಸಹೋದ್ಯೋಗಿ ರಾಮಾಂಜಿನಿ ವಿಚಾರಣೆಯ ಹಿಂದಿನ ದಿನ ಹಿಂದೆ ಸರಿದರು. "ಅಕ್ಕಾ, ನನಗೂ ಮನಿ ಐತಿ," ಎಂದರಂತೆ. ತಾಯಿ ತಿಪ್ಪಕ್ಕ ಕೂಡ, "ಪಗಾರ ಬರ್ತೈತಲ್ಲ, ಬಿಟ್ಬಿಡವ್ವ," ಎಂದರು. ಅನುಸೂಯಾ ಬಿಡಲಿಲ್ಲ.

ವಿಚಾರಣೆಯಲ್ಲಿ ಶಂಭುಲಿಂಗ ಸಮಾಧಾನದಿಂದಲೇ ಮಾತಾಡಿದರು. "ಭೇದ ಗೀದ ಏನಿಲ್ರಿ ಮೇಡಂ. ಆಕಿ ಗಾಡಿ ಛಲೋ ಓಡಸ್ತಾಳ. ಹೆಣ್ಮಗಳು, ಗಂಡಸರ ನಡುವ ಮ್ಯಾಲ ಯಾಕ ಅಂತ ನಾವ ಕೆಳಗ ಇಟ್ಟೀವಿ."

ಸಮಿತಿಯಲ್ಲಿದ್ದ ಹೊಸಪೇಟೆಯ ವಕೀಲೆ ತ್ರಿವೇಣಿ ತಲೆಯೆತ್ತಿದರು. "ಅಂದ್ರ, ಹೆಣ್ಮಗಳು ಅಂತ ಕೊಟ್ಟಿಲ್ಲ?"

"ಹೌದ್ರಿ ಮತ್ತ."

ಅಂದ ಮೇಲಷ್ಟೇ ಶಂಭುಲಿಂಗ ಅವರಿಗೆ ತಾವು ಏನಂದೆವೆಂದು ಹೊಳೆದದ್ದು. ಅನುಸೂಯಾಗೆ ನಗು ಬರಲಿಲ್ಲ, ಮೈ ಉರಿಯಿತು. "ಅವ್ರ ಹೊಟ್ಟ್ಯಾಗಿದ್ದ ಮಾತಿಗೆ ಇಷ್ಟು ದಿನ ನನ್ನ ಕಡೆ ಪುರಾವೆ ಕೇಳಿದ್ರಲ್ಲ, ಅದ ಸಿಟ್ಟು."

ಆದೇಶ ಬಂತು, ಗಾಡಿ ಸಿಕ್ಕಿತು. ಪೈಪು ಹಿಡಿದು ಕಳೆದ ವರ್ಷಗಳು ಮಾತ್ರ ಅನುಭವದ ಲೆಕ್ಕಕ್ಕೆ ಸೇರಲಿಲ್ಲ. ಬಡ್ತಿಯ ಸಾಲಿನಲ್ಲಿ ಅವರು ಈಗಲೂ ಎಲ್ಲರಿಗಿಂತ ಹಿಂದೆ. ಈಚೆಗೆ ಸಂಘ ಸಂಸ್ಥೆಗಳು ಸನ್ಮಾನಕ್ಕೆ ಕರೆಯುತ್ತಿವೆ. ಅವರು ಹೋಗುತ್ತಿಲ್ಲ.

"ಶಾಲು ತಗಂಡು ಏನ್ ಮಾಡ್ಲಿ? ವಾದ ಮಾಡಿ ಮಾಡಿ ಸಾಕಾಗೈತಿ. ಅದು ನನ್ನ ಕೆಲಸ ಅಲ್ರಿ," ಎನ್ನುತ್ತಾ ಗೇರು ಹಾಕುತ್ತಾರೆ. "ನಾನು ಡ್ರೈವರು."