ಖಂಡೆ ಪೂಜೆ ಕಂಡ ನಾಲ್ಕನೆಯ ಡಬ್ಬಿ

ದಾನಪ್ಪನವರಷ್ಟು ಸಂಶಯದ ಮನುಷ್ಯನನ್ನು ನಾನು ಕಂಡಿಲ್ಲ. ಊರು ಬಿಜಾಪುರ, ಮನೆ ಲಂಡನ್ನಿನ ಫೆಲ್ಥಮ್. ಹೇಸ್‌ನ ನಮ್ಮ ವರ್ಕ್‌ಶಾಪಿನಲ್ಲಿ ಹದಿನೆಂಟು ವರ್ಷದಿಂದ ಭೂಕಂಪಮಾಪಕಗಳನ್ನು ರಿಪೇರಿ ಮಾಡುತ್ತಿದ್ದರು. ಜ್ವಾಲಾಮುಖಿಯ ಇಳಿಜಾರಿನಲ್ಲಿ ಹೂಳುವ ಡಬ್ಬಿಗಳು ಅವು. ಒಳಗೆ ಕರಗಿದ ಕಲ್ಲು ಮೇಲೇರುವಾಗ ನೆಲ ಸಣ್ಣಗೆ ನಡುಗುತ್ತದೆ. ಡಬ್ಬಿ ಆ ನಡುಕವನ್ನು ರೇಡಿಯೊದಲ್ಲಿ ಕಳಿಸುತ್ತದೆ. ವಿಜ್ಞಾನಿಗಳು ಅದನ್ನು ನೋಡಿ ಕೆಳಗಿನ ಊರಿಗೆ ‘ಹೊರಡಿ’ ಎನ್ನುತ್ತಾರೆ.

ನಾನು ಮೈಸೂರಿನ ಪ್ರಭಾ, ವರ್ಕ್ ವೀಸಾದ ಮೇಲೆ ಹೊಸದಾಗಿ ಬಂದವಳು. ನಾನು ಟೆಸ್ಟ್ ಮಾಡಿ ಮುಚ್ಚಿದ್ದನ್ನೆಲ್ಲ ಅವರು ಮತ್ತೆ ಬಿಚ್ಚಿ ನೋಡುತ್ತಿದ್ದರು. ಮೈಯೆಲ್ಲ ಉರಿಯುತ್ತಿತ್ತು ನನಗೆ.

ತೊಂಬತ್ತೇಳರ ಅಕ್ಟೋಬರಿನಲ್ಲಿ ಕೆರಿಬಿಯನ್ ದ್ವೀಪವೊಂದಕ್ಕೆ ನಾಲ್ಕು ಡಬ್ಬಿ ಕಳಿಸಿದೆವು. ಮೂರು ವಾರಕ್ಕೆ ಫ್ಯಾಕ್ಸ್ ಬಂತು: ಬೆಟ್ಟ ಉಬ್ಬುತ್ತಿದೆ, ನಾಲ್ಕನೆಯ ಡಬ್ಬಿ ಸತ್ತಿದೆ. ದಾನಪ್ಪನವರು ನನ್ನ ಕಡೆ ಬೆರಳು ತೋರಿಸಿದರು. ಮ್ಯಾನೇಜರಿಗೆ ಇಂಗ್ಲಿಷಿನಲ್ಲಿ ಹೇಳಿ ಸಮಾಧಾನವಾಗದೆ ನನಗೆ ಕನ್ನಡದಲ್ಲೂ ಹೇಳಿದರು: “ಹೊಸಬರ ಕೈಯಾಗ ಕೊಟ್ಟು ಕೆಟ್ಟಿವಿ ನೋಡವಾ!”

ಬೇಕೆಂದೇ ಏನೋ ಮಾಡಿ ನನ್ನ ತಲೆಗೆ ಕಟ್ಟಿದ್ದಾರೆ ಎಂದು ನನಗೆ ಗುಮಾನಿ. ಶುಕ್ರವಾರದೊಳಗೆ ಕಾರಣ ಸಿಗದಿದ್ದರೆ ನನ್ನ ಕೆಲಸ ಹೋಗುತ್ತದೆ ಎಂದರು ಮ್ಯಾನೇಜರ್. ಕೆಲಸ ಹೋದರೆ ವೀಸಾವೂ ಹೋದಂತೆ.

ಗುರುವಾರ ದ್ವೀಪದಿಂದ ಫೋನ್. ಸ್ಪೀಕರ್ ಹಾಕಿದರು. ಡಬ್ಬಿಯನ್ನು ಅಗೆದು ತೆಗೆದ ವಿಜ್ಞಾನಿ ಹೇಳಿದಳು: “ಪ್ಲಗ್ಗಿನ ತುಂಬ ಇರುವೆ. ಏನೋ ಸಿಹಿ ಅಂಟು, ಜೊತೆಗೆ ಕೆಂಪು ಪುಡಿ. ಏನಿದು?”

ಕುಂಕುಮ! ಪ್ಯಾಕಿಂಗ್ ದಿನ ಮಹಾನವಮಿ. ನಾವೆಲ್ಲ ಊಟಕ್ಕೆ ಹೋದಾಗ ದಾನಪ್ಪನವರು ಖಂಡೆ ಪೂಜೆ, ನಮ್ಮ ಕಡೆಯ ಆಯುಧಪೂಜೆ, ಮಾಡಿದ್ದಾರೆ. ಡಬ್ಬಿಗಳಿಗೆ ಕುಂಕುಮ ಹಚ್ಚಿ, ಕಾಯಿ ಒಡೆದು, ಅದರ ಸಿಹಿನೀರು ಚಿಮುಕಿಸಿದ್ದಾರೆ. ಮೂರರ ಪ್ಲಗ್ ಮುಚ್ಚಿತ್ತು. ನಾಲ್ಕನೆಯದನ್ನು ನನ್ನ ಮೇಲಿನ ಸಂಶಯಕ್ಕೆ ಅವರೇ ಬಿಚ್ಚಿಟ್ಟಿದ್ದರು.

ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅವರ ಮುಖ ಸುಣ್ಣದಂತೆ ಬಿಳುಚಿತ್ತು. ಯಾಕೋ ಮಾತೇ ಹೊರಡಲಿಲ್ಲ. ಅಷ್ಟರಲ್ಲಿ ದಾನಪ್ಪನವರು ಎದ್ದು ನಿಂತು, “ಅದು ನನ್ನ ಕೆಲಸ,” ಎಂದು ಎಲ್ಲರೆದುರು ಒಪ್ಪಿಕೊಂಡರು.

ಸಂಜೆ ಅವರ ಲೆಕ್ಕ ಚುಕ್ತಾ ಮಾಡಿ ಕಳಿಸಿದರು. ಬಸ್ ಸ್ಟಾಪಿಗೆ ನಾನೂ ಹೋದೆ. ಅಳು ಬರುತ್ತಿತ್ತು.

“ಬೆಟ್ಟದ ಊರ ಮಂದಿ ಇಳದಾರೇನ?” ಎಂದು ಕೇಳಿದರು.

“ಡಬ್ಬಿ ನಿಂತ ದಿನವೇ ಎಲ್ಲರನ್ನೂ ಇಳಿಸಿದ್ರಂತೆ. ನೀವು ಸುಮ್ನಿದ್ದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ, ದಾನಪ್ಪನೋರೆ.”

“ನೀ ಹೇಳೇ ಹೇಳತಿ ಅಂತ ಕುಂತಿದ್ದೆ, ತಂಗಿ,” ಎಂದರು. “ನೀ ಹೇಳಲಿಲ್ಲ. ಅದಕ್ಕ ನಾನ ಹೇಳಬೇಕಾತು.”